ಪಂಪು ಮೀಮಾಂಸೆ: ತೋಟದ ಟ್ರ್ಯಾಕ್ಟರ್ ನಿಂತಾಗ ವಿಚಾರಿಸತಕ್ಕ ಸಂಗತಿಗಳು

ಟ್ಯಾಂಕಿನ ಡೀಸೆಲನ್ನು ಇಂಜಿನ್ನಿಗೆ ಮುಟ್ಟಿಸುವ, ಮುಟ್ಟದಿದ್ದಾಗ ಎಲ್ಲರ ಬೈಗುಳಕ್ಕೂ ಗುರಿಯಾಗುವ ಯಂತ್ರಾಂಗಕ್ಕೆ ಪಂಪು ಎಂದು ಹೆಸರು. ಈ ಶಬ್ದಕ್ಕೂ ಆದಿಕವಿ ಪಂಪನಿಗೂ ಸಂಬಂಧವಿಲ್ಲವೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಮತವಿಲ್ಲ. ಕವಿ 10ನೆಯ ಶತಮಾನದವನು. ಬಾಷ್ ಕಂಪನಿ ಡೀಸೆಲ್ ಇಂಜೆಕ್ಷನ್ ಪಂಪುಗಳ ಸರಣಿ ತಯಾರಿಕೆ ಆರಂಭಿಸಿದ್ದು 1927ರಲ್ಲಿ. ಆದರೂ ಒಂದು ಸಾಮ್ಯವಿದೆ. ಪಂಪನಿಂದ ನಮಗೆ ದೊರೆತಿರುವ ಕಾವ್ಯಗಳು ಎರಡು, ಒಂದು ಲೌಕಿಕ, ಇನ್ನೊಂದು ಆಗಮಿಕ. ಅಡಿಕೆ ತೋಟದ ಮಿನಿ ಟ್ರ್ಯಾಕ್ಟರಿನಲ್ಲೂ ಸಾಮಾನ್ಯವಾಗಿ ಪಂಪು ಎರಡು. ಫೀಡ್ ಪಂಪು ಲೌಕಿಕ, ಯಾರು ಬೇಕಾದರೂ ಬಿಚ್ಚಿ ನೋಡಬಹುದು. ಇಂಜೆಕ್ಷನ್ ಪಂಪು ಆಗಮಿಕ, ದೀಕ್ಷೆಯಿಲ್ಲದವರು ಮುಟ್ಟತಕ್ಕದ್ದಲ್ಲ. (ಟ್ಯಾಂಕು ಎತ್ತರದಲ್ಲಿದ್ದು ಡೀಸೆಲ್ ತಾನಾಗಿ ಇಳಿದುಬರುವ ಕೆಲವು ಮಾದರಿಗಳಲ್ಲಿ ಫೀಡ್ ಪಂಪೇ ಇಲ್ಲ. ಅವನ್ನು ಏಕಕಾವ್ಯದ ಕವಿಗಳೆಂದು ತಿಳಿಯಬೇಕು.)

ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಹಳೆಯ ಉದಾಹರಣೆ. ಇಲ್ಲಿ ಹೊಗೆ ಕಾಣದಿರುವುದೇ ಪ್ರಮಾಣ. ಸೆಲ್ಫ್ ಹೊಡೆದಾಗ ಇಂಜಿನ್ ತಿರುಗಿಯೂ ಸೈಲೆನ್ಸರಿನಲ್ಲಿ ಒಂದೆಳೆ ಹೊಗೆ ಬರದಿದ್ದರೆ ಸಿಲಿಂಡರಿಗೆ ಡೀಸೆಲ್ ತಲುಪಿಲ್ಲ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ತಲುಪುತ್ತಿದೆ, ಉರಿಯುತ್ತಿಲ್ಲ. ಆಗ ಪಂಪನ್ನು ಬೈಯುವುದು ನ್ಯಾಯವಲ್ಲ.

ಪರಿಹಾರದ ವಿಷಯದಲ್ಲಿ ಮೂರು ಪಂಥಗಳು ಪ್ರಚಲಿತವಾಗಿವೆ. ತಾಡನವಾದಿಗಳು ಸ್ಪ್ಯಾನರಿನಿಂದ ಪಂಪಿಗೆ ಎರಡು ಬಿಗಿಯುತ್ತಾರೆ. ಇದರಿಂದ ಸ್ಪ್ಯಾನರ್ ಗಟ್ಟಿಯೆಂಬುದಷ್ಟೇ ಸಿದ್ಧವಾಗುತ್ತದೆ. ನೂಕುವಾದಿಗಳು ನಾಲ್ಕು ಜನರನ್ನು ಕೂಡಿಸಿ ಗಾಡಿಯನ್ನು ಇಳಿಜಾರಿಗೆ ತಳ್ಳುತ್ತಾರೆ. ಡೀಸೆಲ್ಲೇ ಬರದಿದ್ದರೆ ಗಾಡಿ ಕೆಳಗಿನ ತೋಟ ಸೇರುತ್ತದೆ, ಅಷ್ಟೇ. ಊದುವಾದಿಗಳು ಪೈಪು ಕಳಚಿ ಬಾಯಿಟ್ಟು ಊದುತ್ತಾರೆ. ಮೂರರಲ್ಲಿ ಇವರೇ ಸತ್ಯಕ್ಕೆ ಹತ್ತಿರದವರು, ಏಕೆಂದರೆ ಕಟ್ಟಿದ ಕಸ ನಿಜವಾಗಿಯೂ ಸರಿಯುತ್ತದೆ. ಆದರೆ ಅದು ಟ್ಯಾಂಕಿಗೇ ಮರಳಿ, ಮರುದಿನ ಅದೇ ದಾರಿಯಲ್ಲಿ ಬರುತ್ತದೆ.

ಸಿದ್ಧಾಂತಪಕ್ಷವು ಟ್ಯಾಂಕಿನಿಂದಲೇ ಹೊರಡುತ್ತದೆ. ಡೀಸೆಲ್ ಇದೆಯೇ? ಕಾಕ್ ತೆರೆದಿದೆಯೇ? ಈ ಎರಡು ಪ್ರಶ್ನೆಗಳನ್ನು ಅವಮಾನವೆಂದು ಭಾವಿಸಿದವರು ಪೇಟೆಯಿಂದ ಮೆಕ್ಯಾನಿಕ್ಕನ್ನು ಕರೆಸಿದ್ದುಂಟು. ಗಾಡಿ ಹತ್ತು ನಿಮಿಷ ಓಡಿ ನಿಂತು, ಮುಚ್ಚಳ ತೆಗೆದಾಗ ಟ್ಯಾಂಕು ಸುಯ್ಯೆಂದು ಉಸಿರೆಳೆದುಕೊಂಡರೆ ಮುಚ್ಚಳದ ಗಾಳಿರಂಧ್ರ ಮಣ್ಣಿನಿಂದ ಮುಚ್ಚಿದೆ ಎಂದರ್ಥ. ಫಿಲ್ಟರ್ ಕಟ್ಟಿದ್ದರೆ ಬದಲಿಸಬೇಕು. ಅದರ ಬಟ್ಟಲಿನ ತಳದಲ್ಲಿ ನಿಂತ ನೀರನ್ನು ಬಸಿಯಬೇಕು.

ಇನ್ನು ಗಾಳಿ. ಡೀಸೆಲ್ ಒತ್ತಿದರೆ ಅಷ್ಟಾಗಿ ಕುಗ್ಗದು, ಗಾಳಿ ಕುಗ್ಗುತ್ತದೆ. ನಾಝಲ್ ತೆರೆಯಲು ನೂರು ಬಾರ್ ಮೀರಿದ ಒತ್ತಡ ಬೇಕು. ಪೈಪಿನಲ್ಲಿ ಏರ್ ಹಿಡಿದರೆ, ಎಲ್ಲದಕ್ಕೂ ತಲೆಯಾಡಿಸಿ ಯಾವ ಕಡತವನ್ನೂ ಮುಂದಕ್ಕೆ ಕಳಿಸದ ಗುಮಾಸ್ತನಂತೆ ಅದು ಒತ್ತಡವನ್ನೆಲ್ಲ ತಾನೇ ನುಂಗಿಕೊಳ್ಳುತ್ತದೆ. ಫಿಲ್ಟರಿನ ತಲೆಯ ಮೇಲಿನ ಸ್ಕ್ರೂ ಎರಡು ಸುತ್ತು ಸಡಿಲಿಸಿ ಕೈಪಂಪು ಒತ್ತುತ್ತಿರಬೇಕು. ಮೊದಲು ನೊರೆ ಬರುತ್ತದೆ. ಗುಳ್ಳೆ ನಿಂತು ಬರಿಯ ಡೀಸೆಲ್ ಹರಿಯತೊಡಗಿದಾಗ, ಕೈಪಂಪು ಬಿಡದೆಯೇ ಸ್ಕ್ರೂ ಬಿಗಿಯಬೇಕು. ಬಳಿಕ ಇಂಜೆಕ್ಷನ್ ಪಂಪಿನ ಸ್ಕ್ರೂ, ಕೊನೆಗೆ ನಾಝಲಿನ ನಟ್ಟುಗಳು. ಸೆಲ್ಫ್ ಹೊಡೆಯುವಾಗ ಅಲ್ಲಿ ಬೆರಳಿಡಬಾರದು, ಆ ಚಿಲುಮೆ ಚರ್ಮದೊಳಕ್ಕೆ ನುಗ್ಗುತ್ತದೆ, ಇದು ಪರಿಹಾಸವಲ್ಲ. ತೆಗೆದ ಏರ್ ಸಂಜೆಗೆ ಮತ್ತೆ ಹಿಡಿದರೆ ಬಿರುಕುಬಿಟ್ಟ ರಬ್ಬರ್ ಪೈಪನ್ನೋ ಚಪ್ಪಟೆಯಾದ ತಾಮ್ರದ ವಾಷರನ್ನೋ ಹುಡುಕಬೇಕು. ಪಂಪಿನ ಮೇಲೆ ಹೊರಿಸಿದ ಆರೋಪಗಳಲ್ಲಿ ಬಹುಪಾಲು ಈ ವಾಷರಿನಲ್ಲಿ ಇತ್ಯರ್ಥವಾಗುತ್ತವೆ.

ಫೀಡ್ ಪಂಪಿನ ಡಯಾಫ್ರಾಮ್ ಹರಿದರೆ ಡೀಸೆಲ್ ಇಂಜಿನ್ ಆಯಿಲಿಗೆ ಸೇರುತ್ತದೆ. ಕಡ್ಡಿ ಅದ್ದಿ ನೋಡಿ, ಆಯಿಲ್ ಕಡಿಮೆಯಾಗುವ ಬದಲು ಏರಿದೆಯೆಂದು ಹಿಗ್ಗುವ ಮಾಲೀಕರಿದ್ದಾರೆ. ಅಕ್ಷಯಪಾತ್ರೆ ಸಿಕ್ಕಿದ್ದು ಪಾಂಡವರಿಗೆ ಮಾತ್ರ. ಆಯಿಲ್ ಮೂಸಿ ನೋಡಬೇಕು, ಗಾಡಿ ನಿಲ್ಲಿಸಬೇಕು, ಡಯಾಫ್ರಾಮನ್ನೂ ಆಯಿಲನ್ನೂ ಬದಲಿಸಬೇಕು.

ಉಳಿದದ್ದು ಆಗಮಿಕ ಪಂಪು. ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಿಂದಾಗಿ ಇದಕ್ಕೆ ಮೈಕೋ ಪಂಪು ಎಂಬ ಹೆಸರು ನಿಂತಿತು. ಕಂಪನಿ 2008ರಲ್ಲಿ ಬಾಷ್ ಆಯಿತಾದರೂ ಮೆಕ್ಯಾನಿಕ್ಕುಗಳ ನಿಘಂಟು ಪರಿಷ್ಕರಣೆಗೊಂಡಿಲ್ಲ. ಇದರೊಳಗಿನ ಪ್ಲಂಜರಿಗೂ ಬ್ಯಾರಲಿಗೂ ನಡುವಿನ ಸಂದು ಕೆಲವೇ ಮೈಕ್ರಾನ್, ಕೂದಲೆಳೆಗಿಂತ ಎಷ್ಟೋ ಕಿರಿದು. ಇದನ್ನು ಅಡಿಕೆ ಅಂಗಳದಲ್ಲಿ ಬಿಚ್ಚದೆ, ಕ್ಯಾಲಿಬ್ರೇಷನ್ ಬೆಂಚು ಇರುವ ಅಂಗಡಿಗೇ ಒಯ್ಯತಕ್ಕದ್ದು. ಅನೇಕ ಚಿಕ್ಕ ಇಂಜಿನ್ನುಗಳಲ್ಲಿ ಪಂಪಿನ ಅಡಿ ತೆಳ್ಳನೆಯ ಶಿಮ್ಮುಗಳಿರುತ್ತವೆ. ಕಳಚುವಾಗ ಅವನ್ನು ತಾಳೆಗರಿಯಂತೆ ಎಣಿಸಿ ಕಟ್ಟಿಡಬೇಕು. ಒಂದು ಕಳೆದರೂ ಟೈಮಿಂಗ್ ಬದಲಾಗುತ್ತದೆ. ಇಂಜಿನ್ ಪಾಠಾಂತರವನ್ನು ಒಪ್ಪುವುದಿಲ್ಲ.