ಜಾಣಕಿವುಡು ಅನ್ನಬೇಡಿ

ಅತ್ತೆಗೆ ಜಾಣಕಿವುಡು, ಮಗ ಅಂದಿದ್ದೆಲ್ಲ ಕೇಳಿಸುತ್ತೆ, ನಾನು ಕರೆದರೆ ಮಾತ್ರ ಕೇಳಿಸಲ್ಲ ಅಂದಿರಲ್ಲ, ಆ ಮಾತು ನಿನ್ನೆಯಿಂದ ಕೊರೀತಾ ಇದೆ. ಬಟ್ಟೆ ಆಮೇಲೆ ಹರವಿದರಾಯ್ತು, ಒಂದು ಗಳಿಗೆ ಈ ಕಾಂಪೌಂಡ್ ಹತ್ತಿರ ಬನ್ನಿ.

ವಯಸ್ಸಾದಾಗ ಕಿವಿ ಎಲ್ಲ ಸದ್ದನ್ನೂ ಒಟ್ಟಿಗೆ ಬಿಟ್ಟುಕೊಡಲ್ಲ ಕಣ್ರೀ. ಒಳಗಿವಿಯ ಸುರುಳಿಯಲ್ಲಿ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳಿರುತ್ತವೆ. ಕೀರಲು ಸದ್ದು ಹಿಡಿಯೋವು ಸುರುಳಿಯ ಬಾಯಲ್ಲೇ ಇವೆ, ಸಾಮಾನ್ಯವಾಗಿ ಅವೇ ಮೊದಲು ಸಾಯೋದು. ಸತ್ತವು ಮತ್ತೆ ಹುಟ್ಟಲ್ಲ. ಅದಕ್ಕೇ ಗಂಡಸರ ದಪ್ಪ ದನಿ ಉಳಿಯುತ್ತೆ, ಹೆಂಗಸರದು, ಮಕ್ಕಳದು ತಪ್ಪಿ ಹೋಗುತ್ತೆ. ಮಗನ ಮಾತು ಕೇಳಿ ನಿಮ್ಮದು ಕೇಳದೆ ಇರೋಕೆ ಇಷ್ಟೇ ಸಾಕು. ಅಲ್ಲಿಗೆ ಪಕ್ಷಪಾತ ಯಾಕೆ ತರ್ತೀರಿ?

ಇನ್ನೊಂದಿದೆ. ಸ್ವರಗಳು ಗಟ್ಟಿ, ಸ, ಶ, ತ, ಕ ಇವೆಲ್ಲ ಬಡಪಾಯಿಗಳು. ನೀವು ಸಾರು ಬೇಕಾ ಅಂತೀರಿ, ಅವರು ಯಾರು ಬೇಕು ಅಂತಾರೆ. ಸದ್ದು ಬಂತು, ಮಾತು ಬರಲಿಲ್ಲ. ಮಿಕ್ಸಿ ತಿರುಗ್ತಿದ್ದರಂತೂ ಅದೂ ಇಲ್ಲ. ಮಧ್ಯಾಹ್ನ ಮನೆಯೆಲ್ಲ ತಣ್ಣಗಿದ್ದಾಗ ಅವರ ಸುದ್ದಿ ಎತ್ತಿದರೆ ತಟ್ಟನೆ ಕೇಳಿಸುತ್ತೆ, ಆಗ ನಿಮಗೆ ಅನುಮಾನ. ಬೆಳಿಗ್ಗೆ ಕೇಳಿದ್ದು ಸಂಜೆಗೆ ಕೇಳಲ್ಲ, ಯಾಕಂದರೆ ದಿನವಿಡೀ ಅರ್ಧಂಬರ್ಧ ಕೇಳಿ ಉಳಿದಿದ್ದನ್ನ ಊಹಿಸೋದು ದುಡಿಮೆಯೇ ಸರಿ, ಸುಸ್ತಾಗುತ್ತೆ. ಜೋರಾಗಿ ಕೂಗಿದರೆ, ಯಾಕೆ ಕಿರುಚ್ತೀಯ ಅಂತಾರೆ. ಹೌದು, ಇಂಥ ಕಿವಿಗೆ ಸಣ್ಣ ಸದ್ದು ತಲುಪಲ್ಲ, ದೊಡ್ಡ ಸದ್ದು ಇದ್ದಕ್ಕಿದ್ದಂತೆ ಬಡಿಯುತ್ತೆ. ಕಿವಿ ಚೆನ್ನಾಗೇ ಇದೆ ಅನ್ನೋಕೆ ನೀವು ಕೊಡೋ ಪುರಾವೆ ಇದೇ, ಡಾಕ್ಟರಿಗೆ ಇದೇ ರೋಗಲಕ್ಷಣ.

ನನಗೆ ತುಂಬಾ ಸಂಕಟ ಆಗೋದು ಅವರ ಕಡೆಯಿಂದ ನೋಡಿದಾಗ. ನೀವೂ ನಿಮ್ಮ ಮಗಳೂ ಅಡುಗೆಮನೆಯಲ್ಲಿ ಮೆಲ್ಲಗೆ ಮಾತಾಡ್ತೀರಿ. ಅವರಿಗೆ ತುಟಿ ಕಾಣುತ್ತೆ, ಮಾತಿಲ್ಲ. ನನ್ನ ಮೇಲೇ ಏನೋ ಹೇಳ್ಕೋತಿದಾರೆ ಅಂದುಕೊಳ್ತಾರೆ. ಈ ಬದಿಗೆ ಸೊಸೆಗೊಂದು ತೀರ್ಮಾನ, ಆ ಬದಿಗೆ ಅತ್ತೆಗೊಂದು ತೀರ್ಮಾನ, ಎರಡೂ ದಿನದಿನಕ್ಕೆ ಬೆಳೀತಾವೆ.

ಬೇಕಂತಲೇ ಕೇಳಿಸಿಕೊಳ್ಳದವರು ಇಲ್ಲವೇ ಇಲ್ಲ ಅನ್ನಲ್ಲ. ಆದರೆ ಅದನ್ನ ಕೊನೆಗೆ ಅಂದುಕೊಳ್ಳಿ, ಮೊದಲಿಗಲ್ಲ. ಕಿವಿಗಷ್ಟೇ ಅಲ್ಲ, ಬೇರೆ ಕಾಯಿಲೆಗಳಿಗೂ ನಾವು ಹೀಗೇ ಹೆಸರಿಡ್ತೀವಿ. ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಮುಖದ ಸ್ನಾಯು ಬಿಗೀತಾವೆ, ನಗಬೇಕಂದರೂ ನಗು ಏಳಲ್ಲ, ಬೀದಿಯವರು ಗಂಟುಮೋರೆ ಅಂತಾರೆ. ಆಲಿವರ್ ಸ್ಯಾಕ್ಸ್ ಅಂತ ನರರೋಗದ ದೊಡ್ಡ ವೈದ್ಯರಿದ್ದರು, ಅವರಿಗೆ ಮುಖಗಳ ಗುರುತೇ ಹತ್ತುತ್ತಿರಲಿಲ್ಲ. ಅಂಥವರು ನಮ್ಮ ರಸ್ತೇಲಿ ಎದುರಾಗಿ ಸುಮ್ಮನೆ ಹೋದರೆ ಎಷ್ಟು ಕೊಬ್ಬು ಅಂತಿದ್ದೆವು.

ಮೊದಲು ಎದುರಿಗೆ ನಿಂತು, ನಿಮ್ಮ ಮುಖದ ಮೇಲೆ ಬೆಳಕು ಬೀಳೋ ಹಾಗೆ, ನಿಧಾನ ಮಾತಾಡಿ ನೋಡಿ. ಬರೀ ಗುಗ್ಗೆ ಕಟ್ಟಿದ್ದರೂ ಇರಬಹುದು, ಡಾಕ್ಟರು ತೆಗೀತಾರೆ. ಹೇಗೂ ಮೈಸೂರಿಗೆ ತಂಗಿ ಮನೆಗೆ ಹೋಗ್ತೀರಲ್ಲ, ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿಗೆ ಕರಕೊಂಡು ಹೋಗಿ. ಮಗನ ಜತೆ ಕಳಿಸಬೇಡಿ, ನೀವೇ ಹೋಗಿ. ಪರೀಕ್ಷೆ ಮಾಡಿ ಒಂದು ನಕ್ಷೆ ಬರೆದು ಕೊಡ್ತಾರೆ. ಆ ಗೆರೆ ಬಲಕ್ಕೆ, ಕೀರಲು ಸದ್ದಿನ ಕಡೆಗೆ, ಹೋಗ್ತಾ ಹೋಗ್ತಾ ಎಲ್ಲಿ ಕುಸಿಯುತ್ತೆ ಅಂತ ನೀವೇ ಕಣ್ಣಾರೆ ನೋಡಬೇಕು.