ದೀಪಾವಳಿ ಇಲ್ಲದ ಕಿರ್ದಿ

ಕಲ್ಯಾಣ ಚಾಲುಕ್ಯರ ಟಂಕಸಾಲೆಗಳಲ್ಲೊಂದು ಗಜೇಂದ್ರಗಡದ ಸಮೀಪದ ಸೂಡಿಯಲ್ಲಿತ್ತು. ಅಲ್ಲಿ ಅಚ್ಚಾದ ನಾಣ್ಯ ಆಮೇಲೆ ಯಾರ ಕೈಯಿಂದ ಯಾರ ಕೈಗೆ ದಾಟಿತೆಂಬ ಉಸಾಬರಿ ನಾಣ್ಯಕ್ಕಂತೂ ಇರಲಿಲ್ಲ. 2009ರ ಜನವರಿಯಲ್ಲಿ ಹುಟ್ಟಿದ ಬಿಟ್‌ಕಾಯಿನ್‌ಗೆ ಆ ಸುಖವಿಲ್ಲ. ಅದರ ನೋಡ್, ಅಂದರೆ ಜಾಲದ ವ್ಯವಹಾರಗಳನ್ನು ಯಾರ ಮಾತನ್ನೂ ನಂಬದೆ ತಾನೇ ಪರಿಶೀಲಿಸುವ ಕಂಪ್ಯೂಟರು, ಮೊದಲ ದಿನದಿಂದ ನಡೆದ ಪ್ರತಿಯೊಂದು ಪಾವತಿಯನ್ನೂ ಓದಲೇಬೇಕು.

ರೋಣ, ನರಗುಂದದ ಪೇಟೆಗಳ ಹಳೆಯ ಪದ್ಧತಿಯ ವರ್ತಕರು ದೀಪಾವಳಿಗೆ ಹೊಸ ಕಿರ್ದಿಯನ್ನು ಪೂಜಿಸಿ, ಬಾಕಿಯನ್ನಷ್ಟೇ ಮುಂದಕ್ಕೆ ಎಳೆದುಕೊಂಡು, ಹಳೆಯದನ್ನು ಅಟ್ಟಕ್ಕೇರಿಸಿ ಇಲಿಗಳ ವಶಕ್ಕೆ ಒಪ್ಪಿಸುವುದುಂಟು. ಬಿಟ್‌ಕಾಯಿನ್ನಿನ ಕಿರ್ದಿಗೆ ದೀಪಾವಳಿಯೇ ಬರುವುದಿಲ್ಲ. ಸರಾಸರಿ ಹತ್ತು ನಿಮಿಷಕ್ಕೊಂದು ಹಾಳೆ, ಅಂದರೆ ಬ್ಲಾಕ್, ಸೇರುತ್ತ ಹೋಗಿ ಅದು 600 ಗಿಗಾಬೈಟನ್ನು ದಾಟಿರುವುದರಿಂದ, 500ರ ಡಿಸ್ಕ್ ಕೊಂಡು ಬೀಗುವ ಉತ್ಸಾಹಿಗೆ ಅಟ್ಟವೇ ಸಾಲದು.

ಇದಕ್ಕೆ ಪ್ರೂನಿಂಗ್ ಎಂಬ ಉಪಾಯವಿದೆ: ಪರಿಶೀಲಿಸಿ ಮುಗಿದ ಹಳೆಯ ಬ್ಲಾಕುಗಳನ್ನು ಅಳಿಸುತ್ತ, ಕನಿಷ್ಠ 550 ಮೆಗಾಬೈಟಿನಷ್ಟನ್ನು ಉಳಿಸಿಕೊಳ್ಳುವುದು. ಆದರೆ ಎಸೆಯಬೇಕಾದರೂ ಮೊದಲು ಅಷ್ಟನ್ನೂ ಇಳಿಸಿಕೊಂಡು ಓದಬೇಕು. ಜೊತೆಗೆ ಇನ್ನೂ ಖರ್ಚಾಗದ ನಾಣ್ಯಗಳ ಬಾಕಿಪಟ್ಟಿಯನ್ನು ಮಾತ್ರ ಅಳಿಸುವಂತಿಲ್ಲ, ಅದೇ ಹಲವು ಗಿಗಾಬೈಟ್.

ನಿಜವಾದ ಫಜೀತಿ ರ‍್ಯಾಮಿನದು. ಬಾಕಿಪಟ್ಟಿಯ ಹೆಚ್ಚಿನ ಭಾಗ ರ‍್ಯಾಮಿನಲ್ಲಿ ಹಿಡಿಸದಿದ್ದರೆ ಕಂಪ್ಯೂಟರು ಮಾತುಮಾತಿಗೂ ಡಿಸ್ಕಿಗೆ ಓಡಿ ಏದುಸಿರು ಬಿಡುತ್ತದೆ. ಓಟ ತಪ್ಪಿಸಲೆಂದು ರ‍್ಯಾಮಿನ ಪಾಲು ಹೆಚ್ಚಿಸಿದರೆ, ನೋಡ್ ಡಿಸ್ಕಿಗೆ ಬರೆಯುವುದನ್ನು ಮುಂದೂಡುತ್ತ ಕೂರುತ್ತದೆ, ಅಷ್ಟರಲ್ಲಿ ಕರೆಂಟು ಹೋದರೆ ಬರೆಯದೆ ಉಳಿದ ಲೆಕ್ಕವನ್ನೆಲ್ಲ ಮತ್ತೆ ಮಾಡಬೇಕಾಗುತ್ತದೆ.