ಪಾಲಿಸಿದಾರ ಉವಾಚ

ವಿಮೆಯ ವ್ಯವಹಾರದಲ್ಲಿ ಎಲ್ಲರಿಗೂ ಒಂದೊಂದು ಕೆಲಸವಿದೆ. ಏಜೆಂಟರಿಗೆ ಮಾತಾಡುವ ಕೆಲಸ. ಕಂಪನಿಗೆ ದುಡ್ಡು ಕಾಯುವ ಕೆಲಸ. ನಾವು ಯಾವ ವಯಸ್ಸಿಗೆ ಹೊರಡಬಹುದೆಂದು ಕೋಷ್ಟಕ ಹಾಕಿಕೊಂಡು ತಣ್ಣಗೆ ಕೂತಿರುವುದು ಆಕ್ಚುಯರಿ ಎಂಬ ಗಣಿತ ಪಂಡಿತರ ಕೆಲಸ. ನಾಮಿನಿಗೆ ಸದ್ಯಕ್ಕೆ ಕೆಲಸವಿಲ್ಲ. ಬಾರದಿರಲೆಂದೇ ಎಲ್ಲರ ಹಾರೈಕೆ. ಇನ್ನು ಪಾಲಿಸಿದಾರ? ಅವನು ಕಂತು ಕಟ್ಟುವವನು, ಅಷ್ಟೆ ಎಂದು ಬಹಳ ಜನರ ನಂಬಿಕೆ.

ನಮ್ಮಪ್ಪ ಸರ್ಕಾರಿ ಮೇಷ್ಟ್ರಾದ್ದರಿಂದ ಅವರಿಗೆ ಆ ಕೆಲಸವೂ ಇರಲಿಲ್ಲ. ಮೈಸೂರು ಸಂಸ್ಥಾನ 1891ರಲ್ಲೇ ತನ್ನ ನೌಕರರಿಗೆ ಕಡ್ಡಾಯ ಜೀವವಿಮೆ ಶುರುಮಾಡಿತ್ತು. ಇವತ್ತಿನ ಕೆಜಿಐಡಿಯ ಮೂಲ ಅದೇ. ಸಂಬಳ ಕೈಗೆ ಬರುವ ಮೊದಲೇ ಕಂತು ಹಿಡಿದುಕೊಂಡಿರುತ್ತಿದ್ದರು. ತಾನೊಬ್ಬ ಪಾಲಿಸಿದಾರ ಎಂಬುದು ಅಪ್ಪನಿಗೆ ನೆನಪಾಗುತ್ತಿದ್ದುದು ಅದರ ಮೇಲೆ ಸಾಲ ತೆಗೆಯುವಾಗ ಮಾತ್ರ.

ನನ್ನದು ಖಾಸಗಿ ಕೆಲಸ. ಹೀಗಾಗಿ ನನಗೆ ಈ ಪಾತ್ರ ಕಲಿಸಲು ಹೆಂಡತಿಯ ಚಿಕ್ಕಪ್ಪನ ಮಗನೇ ಬರಬೇಕಾಯಿತು. ಮೊದಲೆಲ್ಲ ಅವನು ಮಾರ್ಚ್ ತಿಂಗಳಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಿದ್ದ. 80ಸಿ ಎಂದು ಉಸುರಿದರೆ ಸಾಕು, ಸಂಬಳದಾರರು ಅವನು ಬೆರಳಿಟ್ಟಲ್ಲೆಲ್ಲ ರುಜು ಹಾಕುತ್ತಿದ್ದರು. ಹೊಸ ತೆರಿಗೆ ಪದ್ಧತಿಯಲ್ಲಿ ಆ ವಿನಾಯಿತಿ ಇಲ್ಲ. ಆದ್ದರಿಂದ ಈಗ ವರ್ಷವಿಡೀ ಬರುತ್ತಾನೆ. ತೆರಿಗೆಯ ಬದಲು ಸಾವನ್ನು ತೋರಿಸಿ ಹೆದರಿಸುತ್ತಾನೆ.

“ಭಾವ, ನೀವು ಕಾಫಿ ಕುಡೀರಿ. ಫಾರಂ ನಾನು ತುಂಬ್ಕೋತೀನಿ,” ಎಂದ. ನಾನು ಬಿಡಲಿಲ್ಲ, ಒಂದೊಂದಾಗಿ ಓದಿಸಿದೆ. ಆ ಪ್ರಪೋಸಲ್ ಫಾರಮ್ಮಿನಷ್ಟು ಕಳಕಳಿಯಿಂದ ನನ್ನನ್ನು ಯಾವ ನೆಂಟರೂ ವಿಚಾರಿಸಿಕೊಂಡಿದ್ದಿಲ್ಲ. ಎತ್ತರವೆಷ್ಟು, ತೂಕವೆಷ್ಟು, ತಂದೆ ಇದ್ದಾರೆಯೇ, ಇಲ್ಲದಿದ್ದರೆ ಯಾವ ವಯಸ್ಸಿಗೆ ಹೋದರು, ಏನಾಗಿ ಹೋದರು, ಒಡಹುಟ್ಟಿದವರಿಗೆ ಸಕ್ಕರೆ ಕಾಯಿಲೆ ಇದೆಯೇ, ನಿಮಗೆ ಬಿಪಿ ಇದೆಯೇ?

“ಇದೆ,” ಎಂದೆ.

“ಅದೆಲ್ಲ ಬೇಡ ಭಾವ. ಸುಮ್ನೆ ಮೆಡಿಕಲ್ಲು ಅಂತ ಅಲೆದಾಡಿಸ್ತಾರೆ. ಇಲ್ಲ ಅಂತ ಹಾಕ್ತೀನಿ.”

“ಹಾಕಬೇಡ. ದಿನಾ ಮಾತ್ರೆ ನುಂಗ್ತಿದೀನಿ.”

“ಸರಿ. ಸಿಗರೇಟು?”

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು.

“ಯಾವಾಗಲಾದರೂ ಒಂದು,” ಎಂದೆ ಸಣ್ಣ ದನಿಯಲ್ಲಿ.

“ದಿನಕ್ಕೆರಡು ಅಂತ ಬರಿಯೋ,” ಎಂದಳು ಒಳಗಿನಿಂದ. “ಹಾಲು ತರ್ತೀನಿ ಅಂತ ಹೋದಾಗ ಒಂದು. ಊಟ ಆದ್ಮೇಲೆ ಮಹಡಿ ಮೇಲೆ ಒಂದು.”

ವಿಮಾಶಾಸ್ತ್ರದಲ್ಲಿ ಇದಕ್ಕೆ ಪರಮ ವಿಶ್ವಾಸದ ತತ್ವ ಎನ್ನುತ್ತಾರೆ. ಸೀರೆ ಅಂಗಡಿಯಲ್ಲಾದರೆ ಬಣ್ಣ ಹೋಗುತ್ತದೋ ಇಲ್ಲವೋ ಎಂದು ಕೊಳ್ಳುವವರು ಕೇಳುತ್ತಾರೆ, ಮಾರುವವರು ಆಣೆ ಇಡುತ್ತಾರೆ. ಇಲ್ಲಿ ಸೀರೆಯೇ ನಾನು. ಎಲ್ಲೆಲ್ಲಿ ಬಣ್ಣ ಬಿಟ್ಟಿದೆ, ಎಲ್ಲಿ ನೂಲು ಜಾರಿದೆ ಎಂದು ನಾನೇ ಬಾಯಿಬಿಟ್ಟು ಹೇಳಬೇಕು. ಪಾಲಿಸಿದಾರನ ನಿಜವಾದ ಕೆಲಸ ಇದೇ. ಕಂತಿನದೇನು, ಬ್ಯಾಂಕಿಗೆ ಹೇಳಿಟ್ಟರೆ ತಾನೇ ಮುರಿದುಕೊಂಡು ಕಟ್ಟುತ್ತದೆ. ನನ್ನ ಬಿಪಿಯನ್ನು ಬ್ಯಾಂಕು ಹೇಳಲಾರದು.

“ಮೂರು ವರ್ಷ ಹೇಗಾದ್ರೂ ತಳ್ಳಿಬಿಡಿ ಭಾವ, ಆಮೇಲೆ ಯಾರೂ ಕೇಳಲ್ಲ,” ಎಂದು ಅವನು ಕೊನೆಯ ಪ್ರಯತ್ನ ಮಾಡಿದ. ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ. 1938ರ ವಿಮಾ ಕಾಯಿದೆಯ 45ನೇ ಕಲಮಿನಂತೆ, ಜೀವವಿಮೆಯ ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಕಂಪನಿ ಅದನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ನಡುವೆ ಲ್ಯಾಪ್ಸ್ ಆಗಿ ಮತ್ತೆ ಜೀವ ಕೊಡಿಸಿದರೆ ಎಣಿಕೆ ಮೊದಲಿನಿಂದ. ಅದರೊಳಗೆ ಏನಾದರೂ ಆದರೋ? ಸುಳ್ಳು ಬರೆಸಿದವನು ಗಂಧದ ಹಾರ ಹಾಕಿಸಿಕೊಂಡು ಗೋಡೆಯ ಮೇಲೆ ನಗುತ್ತಿರುತ್ತಾನೆ. ಆಫೀಸಿನಲ್ಲಿ ನಿಂತು ಉತ್ತರ ಹೇಳಬೇಕಾದವಳು ಹೆಂಡತಿ. ಬದುಕಿದ್ದಾಗ ಆಡಿದ ಸುಳ್ಳಿಗೆಲ್ಲ ಹೇಗೋ ನಾವೇ ಸಮಜಾಯಿಷಿ ಕೊಟ್ಟುಕೊಂಡಿರುತ್ತೇವೆ. ಇದೊಂದಕ್ಕೆ ಆ ಅನುಕೂಲವಿಲ್ಲ.

ಬಾಂಡು ಕೈಗೆ ಬಂದಮೇಲೂ ಕೆಲಸ ಮುಗಿಯುವುದಿಲ್ಲ. ಓದಿ ನೋಡಿ, ಒಪ್ಪದಿದ್ದರೆ ವಾಪಸು ಮಾಡಲು 30 ದಿನದ ಅವಕಾಶವಿದೆ. ನಮ್ಮಲ್ಲಿ ಆ ದಿನಗಳನ್ನು ಬಾಂಡು ಮೊದಲು ದೇವರ ಮುಂದೆ, ಆಮೇಲೆ ಬೀರುವಿನಲ್ಲಿ ರೇಷ್ಮೆಸೀರೆಗಳ ಅಡಿಯಲ್ಲಿ ಕಳೆಯುತ್ತದೆ. ಮದುವೆಗೆ ಮುಂಚೆ ಮಾಡಿಸಿದ್ದರಲ್ಲಿ ನಾಮಿನಿಯಾಗಿ ಅಮ್ಮನೇ ಉಳಿದಿರುತ್ತಾಳೆ. ಅತ್ತೆ–ಸೊಸೆ ಜಗಳಕ್ಕೆ ಹಳೆಯ ಕಾರಣಗಳು ಸವೆದುಹೋದ ಮನೆಗಳಲ್ಲಿ ಇದು ಒಳ್ಳೆಯ ಉಪಯೋಗಕ್ಕೆ ಬರುತ್ತದೆ.

ಸ್ವಲ್ಪ ದಿನದಲ್ಲಿ ಕಂಪನಿಯ ಕಾಗದ ಬಂತು. ನನ್ನ ಸತ್ಯಸಂಧತೆಯನ್ನು ಮೆಚ್ಚಿ ಕಂತನ್ನು ಏರಿಸಿದ್ದರು.

“ನಾ ಹೇಳಿರಲಿಲ್ವಾ ಭಾವ?” ಎಂದ ಅವನು, ಗೆದ್ದವನ ಮುಖ ಮಾಡಿ.

ಹೆಂಡತಿ ಕಾಗದವನ್ನು ಎರಡು ಸಲ ಓದಿದಳು. “ಕಟ್ಟಿ. ಆ ಸಿಗರೇಟು ಬಿಟ್ಟರೆ ಅಷ್ಟು ದುಡ್ಡು ಅಲ್ಲೇ ಹುಟ್ಟುತ್ತೆ,” ಎಂದು ತೀರ್ಪು ಕೊಟ್ಟು ತಮ್ಮನ ಕಡೆ ತಿರುಗಿದಳು: “ಅಂದಹಾಗೆ, ನೀನೂ ಪಾಲಿಸಿ ಮಾಡಿಸಿದೀಯಲ್ಲ, ನಿನ್ನ ಸಕ್ಕರೆ ಕಾಯಿಲೇನ ಫಾರಮ್ಮಲ್ಲಿ ಬರೆದಿದೀಯೇನೋ?”

ಅವನು ಅರ್ಧ ಕುಡಿದ ಕಾಫಿಲೋಟ ಕೆಳಗಿಟ್ಟು, ಜಯನಗರದಲ್ಲಿ ಇನ್ನೊಂದು ಪಾರ್ಟಿ ಕಾಯ್ತಿದೆ ಎಂದು ಹೊರಟೇಬಿಟ್ಟ.